ತರ್ಜುಮೆ ನಿಂತ ದಫ್ತರ

ಕನ್ನಡದಲ್ಲಿ ‘ತರ್ಜುಮೆ’ ಎಂದರೆ ಅನುವಾದ. ಪೇಶ್ವೆಗಳ ಕಾಲದ ಪುಣೆಯ ಕಾರಕೂನರಿಗೆ ಅದೇ ಪದ ಲೆಕ್ಕದ ಪರಿಭಾಷೆಯಾಗಿತ್ತು. ಒಟ್ಟು ಜಮಾ, ಒಟ್ಟು ಖರ್ಚು, ಉಳಿದ ಬಾಕಿ ಇಷ್ಟನ್ನೂ ವಿಂಗಡಿಸಿ ಬರೆದ ಸಾರಾಂಶವನ್ನು ಅವರು ‘ತರ್ಜುಮಾ’ ಎನ್ನುತ್ತಿದ್ದರು. ಅರ್ಥ ಬೇರೆ ಎನಿಸಿದರೂ ಕೆಲಸ ಒಂದೇ: ಊರೂರಿನ ಲೆಕ್ಕವನ್ನು ರಾಜಧಾನಿ ಓದಬಲ್ಲ ಭಾಷೆಗೆ ತರುವುದು.

ಈ ಕೆಲಸ ನಡೆಯುತ್ತಿದ್ದದ್ದು ಹುಜೂರ್ ದಫ್ತರದಲ್ಲಿ. ಅಲ್ಲಿ 200ಕ್ಕೂ ಹೆಚ್ಚು ಕಾರಕೂನರು ಮೋಡಿ ಲಿಪಿಯಲ್ಲಿ ಬರೆಯುತ್ತಿದ್ದರು. ನಡೆಯುತ್ತಿರುವ ವ್ಯವಹಾರಕ್ಕೆ ‘ಚಾಲ್ತೆ ದಫ್ತರ’, ಮುಗಿದ ಲೆಕ್ಕಗಳಿಗೆ ‘ಏಕ್ ಬೇರೀಜ್ ದಫ್ತರ’. ಮೊತ್ತ ಎಂಬ ಅರ್ಥದ ಈ ‘ಬೇರೀಜು’ ಕನ್ನಡಕ್ಕೂ ಹೊಸದಲ್ಲ. ಎಲ್ಲ ಇಲಾಖೆಗಳ ಕಾಗದಗಳೂ ಕೊನೆಗೆ ಅಲ್ಲಿಗೆ ಬಂದು ಸೇರುತ್ತಿದ್ದವು. ತರ್ಜುಮಾ ಸಿದ್ಧವಾಗುತ್ತಿದ್ದದ್ದೂ ಅಲ್ಲೇ.

ಆದರೆ ಸಾರಾಂಶ ನಂಬುವಂತಿರಬೇಕಾದರೆ ಮೂಲ ಲೆಕ್ಕ ಸರಿಯಿರಬೇಕು. ಅದಕ್ಕಾಗಿ ದೊಡ್ಡ ಪ್ರಾಂತಗಳಲ್ಲಿ ಮಾಮಲೇದಾರನ ಜೊತೆಗೆ ದರಖದಾರರೆಂಬ ವಂಶಪಾರಂಪರ್ಯದ ಅಧಿಕಾರಿಗಳಿದ್ದರು. ಫಡ್ನೀಸ ದಿನದ ಕೀರ್ದಿ ಬರೆಯುವನು. ದಫ್ತರದಾರ ಆ ಕೀರ್ದಿಯಿಂದ ಖಾತೆಗಳನ್ನು ಸಿದ್ಧಪಡಿಸಿ, ತಿಂಗಳಿಗೊಮ್ಮೆ ಸಾರಾಂಶವನ್ನು ಪುಣೆಗೆ ಕಳಿಸುವನು. ಮಜುಮದಾರ ಲೆಕ್ಕ ತಪಾಸಿಸುವನು. ಪೋತನೀಸ ವಸೂಲಿ ಮತ್ತು ನಗದು ಬಾಕಿಯ ಲೆಕ್ಕ ಇಡುವನು. ಇವರನ್ನು ತೆಗೆದುಹಾಕುವ ಅಧಿಕಾರ ಮಾಮಲೇದಾರನಿಗೆ ಇರಲಿಲ್ಲ. ಅವನ ತಪ್ಪನ್ನು ಮೇಲಕ್ಕೆ ವರದಿ ಮಾಡುವುದೂ ಅವರ ಹೊಣೆಯೇ. ಹಣ ವಸೂಲಿ ಮಾಡುವವನ ಕೈಯಲ್ಲೇ ಲೆಕ್ಕವನ್ನೂ ಬಿಡಬಾರದು ಎಂಬುದು ಈ ಏರ್ಪಾಟಿನ ತಿರುಳು.

1796ರಲ್ಲಿ ಎರಡನೆಯ ಬಾಜೀರಾಯ ಪಟ್ಟಕ್ಕೆ ಬಂದ. 1800ರಲ್ಲಿ ನಾನಾ ಫಡ್ನವೀಸ ತೀರಿಕೊಂಡ. ಬಾಜೀರಾಯ ಪ್ರಾಂತಗಳ ವಸೂಲಿಯನ್ನು ಹೆಚ್ಚು ಹಣ ಕೂಗಿದವರಿಗೆ ಗುತ್ತಿಗೆ ಕೊಡತೊಡಗಿದ. ಗುತ್ತಿಗೆಯ ಮೊತ್ತ ಮೊದಲೇ ಗೊತ್ತಾದ ಮೇಲೆ, ಯಾವ ಊರಲ್ಲಿ ಬೆಳೆ ಹೋಯಿತು, ಯಾವ ರೈತ ಎಷ್ಟು ಕೊಟ್ಟ ಎಂದು ಪುಣೆಯಲ್ಲಿ ಕೇಳುವವರೇ ಇಲ್ಲವಾದರು. ದಫ್ತರ ಪಾಳು ಬಿತ್ತು. ಕಾಗದಗಳನ್ನು ಏನು ಮಾಡಿದರೂ ಕೇಳುವವರಿರಲಿಲ್ಲ. ಕಾರಕೂನರ ಜಾಣ್ಮೆಯೇನೂ ಕುಂದಿರಲಿಲ್ಲ. ಅವರು ಬರೆದದ್ದು ಯಾರಿಗೂ ಬೇಕಿರಲಿಲ್ಲ, ಅಷ್ಟೆ.

ಇದರ ಬಿಸಿ ಕನ್ನಡನಾಡಿಗೂ ತಟ್ಟಿತು. ಧಾರವಾಡ ಸೀಮೆ ಪೇಶ್ವೆಗಳ ಆಳ್ವಿಕೆಯಲ್ಲಿತ್ತು. 1818ರಲ್ಲಿ ಅವರ ರಾಜ್ಯ ಮುಗಿದ ಮೇಲೆ ಬ್ರಿಟಿಷರು ಇನಾಂ ಜಮೀನುಗಳ ಹಕ್ಕಿನ ವಿಚಾರಣೆಗೆ ತೊಡಗಿದರು. 1843ರಲ್ಲಿ ಈ ದಕ್ಷಿಣ ಮರಾಠಾ ಸೀಮೆಯಲ್ಲೇ ಶುರುವಾದ ಆ ವಿಚಾರಣೆಗೆ 1852ರ ಕಾಯ್ದೆ ಬಲ ಕೊಟ್ಟಿತು. ತಲೆಮಾರುಗಳಿಂದ ಉಳುಮೆ ಮಾಡಿಸುತ್ತ ಬಂದ ಮನೆತನದ ಹಕ್ಕು ಈಗ ದೂರದ ಪುಣೆಯ ರುಮಾಲುಗಳಲ್ಲಿ ಒಂದು ಸಾಲು ಸಿಗುತ್ತದೋ ಇಲ್ಲವೋ ಎಂಬುದರ ಮೇಲೂ ನಿಂತಿತು.

ಇಂದು ಅದೇ ಪುಣೆಯ ಕಚೇರಿಗಳಲ್ಲಿ ದಾಸ್ತಾನು, ಮಾರಾಟ, ನಗದು ಎಲ್ಲವನ್ನೂ ಒಂದೇ ಪರದೆಯ ಮೇಲೆ ತೋರಿಸುವ ಸಾಫ್ಟ್‌ವೇರ್ ಇದೆ. ಕೀರ್ದಿಯಿಂದ ಖಾತೆಗೆ, ಖಾತೆಯಿಂದ ಸಾರಾಂಶಕ್ಕೆ ಹೋಗುವ ದಾರಿ ಈಗ ಕ್ಷಣದ್ದು. ಆದರೆ ವರದಿಯ ಮೊತ್ತ ನೋಡಿ, ‘ಇದು ಎಲ್ಲಿಂದ ಬಂತು?’ ಎಂದು ಕೀರ್ದಿಯವರೆಗೂ ಹಿಂದಕ್ಕೆ ಹೋಗಿ ನೋಡುವವರು ಬೇಕು. ಅಂಥವರು ಇರುವಷ್ಟು ದಿನ ಹುಜೂರ್ ದಫ್ತರ ಬರಿಯ ಕಾಗದ ಮತ್ತು ಮಸಿಯಲ್ಲೇ ನಡೆದಿತ್ತು.