ಎ.ವಿ. ರಸ್ತೆಯ ಇಬ್ಬರು

ಕೃಷ್ಣರಾಜ ಮಾರುಕಟ್ಟೆಯ ಬಳಿ ಆಟೋ ಹತ್ತಿ ‘ಎ.ವಿ. ರೋಡ್’ ಎಂದರೆ ಸಾಕು, ಚಾಲಕ ಚಾಮರಾಜಪೇಟೆಯ ಕಡೆಗೆ ತಿರುಗಿಸುತ್ತಾನೆ. ಆ ಎರಡಕ್ಷರ ಯಾರದು ಎಂದು ಕೇಳಿ ನೋಡಿ. ಹಿರಿಯರು ಆಲ್ಬರ್ಟ್ ವಿಕ್ಟರ್ ಎನ್ನುತ್ತಾರೆ. ಕಿರಿಯರು ಫಲಕ ನೋಡಿ ಆಲೂರು ವೆಂಕಟರಾವ್ ಎನ್ನುತ್ತಾರೆ. ಇಬ್ಬರದೂ ಸರಿಯೇ.

ಆಲ್ಬರ್ಟ್ ವಿಕ್ಟರ್ ವಿಕ್ಟೋರಿಯಾ ರಾಣಿಯ ಮೊಮ್ಮಗ. 1889ರ ನವೆಂಬರಿನಲ್ಲಿ ಬೆಂಗಳೂರಿಗೆ ಬಂದವನು ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಹಾಕಿ ಹೋದ. 1892ರ ಜನವರಿಯಲ್ಲಿ, ಇಪ್ಪತ್ತೆಂಟನೇ ವಯಸ್ಸಿಗೇ ತೀರಿಕೊಂಡ. ಚಾಮರಾಜಪೇಟೆ ಹುಟ್ಟಿದ್ದೂ ಅದೇ ವರ್ಷ. ಪೇಟೆಗೆ ಚಾಮರಾಜೇಂದ್ರ ಒಡೆಯರ ಹೆಸರು, ರಸ್ತೆಗೆ ನಾಲ್ಕು ದಿನದ ಅತಿಥಿಯ ಹೆಸರು!

ಈ ಇಬ್ಬರಿಗಿಂತಲೂ ಹಳೆಯದೊಂದು ಹೆಸರು ಇದೇ ರಸ್ತೆಯಲ್ಲಿದೆ. ಕೋಟೆ ವೆಂಕಟರಮಣ ದೇವಸ್ಥಾನದ ಪಕ್ಕದ ಅರಮನೆಯನ್ನು ಹೈದರಾಲಿ 1781ರಲ್ಲಿ ಆರಂಭಿಸಿದ. ಟಿಪ್ಪು 1791ರಲ್ಲಿ ಮುಗಿಸಿದ. ಕಾರ್ನ್‌ವಾಲಿಸನ ಸೇನೆ ಬೆಂಗಳೂರು ಕೋಟೆಯನ್ನು ಹಿಡಿದದ್ದೂ ಅದೇ 1791ರ ಮಾರ್ಚಿನಲ್ಲಿ. ಟಿಪ್ಪುವಿನ ನಂತರ 1868ರವರೆಗೆ ಇಲ್ಲಿ ಸರ್ಕಾರಿ ಕಚೇರಿಗಳಿದ್ದವು. ಆಮೇಲೆ ಅವು ಅಠಾರಾ ಕಚೇರಿಗೆ ಹೋದವು. ಮರದ ಕಂಬಗಳ ಈ ಅರಮನೆಗೆ ಕೆತ್ತಿಸಿದ ಹೆಸರು ‘ರಶ್ಕ್-ಎ-ಜನ್ನತ್’. ಸ್ವರ್ಗದ ಅಸೂಯೆ ಎಂದು ಅರ್ಥ ಹೇಳುತ್ತಾರೆ. ಉರ್ದು ಶಾಲೆಯಲ್ಲಿ ಕಲಿತ ನನಗೆ ಅಷ್ಟು ಸಾಲದು. ಇನ್ನೊಬ್ಬರದು ಹಾಳಾಗಲಿ ಎನ್ನುವುದು ‘ಹಸದ್’. ನನಗೂ ಅಂಥದ್ದು ಇರಬಾರದಿತ್ತೇ ಎನ್ನುವುದು ‘ರಶ್ಕ್’. ಸ್ವರ್ಗಕ್ಕೂ ಹೊಟ್ಟೆಕಿಚ್ಚಿಲ್ಲ, ಆಸೆ ಅಷ್ಟೇ.

ಇನ್ನು ಆಲೂರರು. 1880ರಲ್ಲಿ ವಿಜಯಪುರದಲ್ಲಿ ಹುಟ್ಟಿ, ಧಾರವಾಡದಲ್ಲಿ ನೆಲೆಸಿ ‘ಕರ್ನಾಟಕ ಗತವೈಭವ’ ಬರೆದವರು. ಮುಂಬಯಿ, ಮದರಾಸು, ಹೈದರಾಬಾದು, ಕೊಡಗು, ಮೈಸೂರು ಎಂದು ಹರಿದುಹೋಗಿದ್ದ ಕನ್ನಡ ನಾಡು ಒಂದಾಗಲಿ ಎಂದು ಜೀವ ತೇದವರು. 1956ರ ನವೆಂಬರ್ 1ರಂದು ಅದು ಒಂದಾದಾಗ ಅವರಿನ್ನೂ ಇದ್ದರು, 1964ರಲ್ಲಿ ನಿಧನರಾದರು. ಮುಂಬಯಿ ಪ್ರಾಂತ್ಯದ ಧಾರವಾಡದವರ ಹೆಸರು ಹಳೆ ಮೈಸೂರಿನ ರಸ್ತೆಗೆ ಬರಬೇಕಾದರೆ ಮೊದಲು ಅವರ ಕನಸೇ ನನಸಾಗಬೇಕಿತ್ತು. ಅವರು ಬೆಂಗಳೂರಿನವರಲ್ಲವಲ್ಲ ಎಂದು ಕೇಳುವವರಿಗೆ ನಾನು ಹೇಳುವುದು ಇದನ್ನೇ.

ತಮಾಷೆಯೆಂದರೆ, ಈ ರಾಜಿ ಮಾಡಿಸಿದ್ದು ಇಂಗ್ಲಿಷ್ ಅಕ್ಷರಗಳು. ಕನ್ನಡದಲ್ಲಿ ಬರೆದರೆ ಒಬ್ಬರು ಆ.ವಿ., ಇನ್ನೊಬ್ಬರು ಆ.ವೆಂ. ಆಗುತ್ತಿದ್ದರು. ‘ಎ.ವಿ. ರೋಡ್’ ಎಂದು ಬೋರ್ಡು ಬರೆಸಿದ್ದ ಅಂಗಡಿಯವರಿಗೆ ಹೊಸ ಬಣ್ಣದ ಖರ್ಚೂ ಬೀಳಲಿಲ್ಲ.