ಎತ್ತರದ ಗಾಲಿ, ಗಿಡ್ಡ ಕ್ರ್ಯಾಂಕು

ಸೈಕಲ್ ಕೊಳ್ಳಲು ಹೋದವರು ಬಣ್ಣ ನೋಡುತ್ತಾರೆ, ಸೀಟನ್ನು ಅದುಮಿ ನೋಡುತ್ತಾರೆ, ಒಮ್ಮೆ ಬೆಲ್ ಬಾರಿಸುತ್ತಾರೆ. ಕ್ರ್ಯಾಂಕಿನ ಉದ್ದ ಎಷ್ಟೆಂದು ಕೇಳುವವರು ಅಪರೂಪ. ಕ್ರ್ಯಾಂಕ್ ಎಂದರೆ ಪೆಡಲನ್ನು ತಿರುಗುವ ಅಚ್ಚಿಗೆ ಜೋಡಿಸುವ ಲೋಹದ ತೋಳು. ಮಾಮೂಲಿ ಸೈಕಲ್ಲಿನಲ್ಲಿ ಅದು ಸುಮಾರು 170 ಮಿಲಿಮೀಟರ್, ಒಂದು ಗೇಣಿಗೂ ಕಡಿಮೆ. ಐದು ಮಿಲಿಮೀಟರ್ ಆಚೀಚೆ ಆದರೂ ಹೆಚ್ಚಿನ ಸವಾರರಿಗೆ ಅದು ಗೊತ್ತಾಗದು. ತುಳಿತ ಹಗುರವೋ ಭಾರವೋ ಎಂಬುದನ್ನು ನಿರ್ಧರಿಸುವ ಮುಖ್ಯ ಕೆಲಸವನ್ನು ಚೈನು ಮತ್ತು ಅದರ ಎರಡು ಹಲ್ಲುಚಕ್ರಗಳು ವಹಿಸಿಕೊಂಡಿವೆ.

ಚೈನೇ ಇಲ್ಲದಿದ್ದರೆ? ಸರ್ಕಸ್ಸಿನಲ್ಲಿ ಕಾಣುವ ಒಂಟಿಗಾಲಿ ಸೈಕಲ್ಲಿನ, ಅಂದರೆ ಯೂನಿಸೈಕಲ್ಲಿನ ಸಂಗತಿ ಹಾಗೆ. ಕ್ರ್ಯಾಂಕು ನೇರವಾಗಿ ಗಾಲಿಯ ಅಚ್ಚಿಗೇ ಕೂತಿರುತ್ತದೆ. ಕಾಲು ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು. ದೂರ ಪ್ರಯಾಣದ ಒಂಟಿಗಾಲಿಗೆ 36 ಇಂಚಿನ, ಹೆಚ್ಚುಕಡಿಮೆ ಸೊಂಟದೆತ್ತರದ ಚಕ್ರವಿರುತ್ತದೆ. ಅದಕ್ಕೆ 110 ಮಿಲಿಮೀಟರಿನ ಕ್ರ್ಯಾಂಕೋ, 150ರದ್ದೋ ಎಂಬುದು ಸವಾರನ ಮೊದಲ ಪ್ರಶ್ನೆ. ನಡುವಿನ ಆ ನಾಲ್ಕು ಸೆಂಟಿಮೀಟರ್ ಮೇಲೆಯೇ ಅವನು ಏರನ್ನು ಹತ್ತುವನೋ ಇಳಿದು ತಳ್ಳುವನೋ ಎಂಬುದು ನಿಂತಿದೆ. ಇದು ಇಂದಿನ ಹವ್ಯಾಸಿಗಳ ತಲೆನೋವು ಎನ್ನಿಸಬಹುದು. ನಿಜವಾಗಿ ಇದಕ್ಕೆ 150 ವರ್ಷ ವಯಸ್ಸಾಗಿದೆ.

1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಜನಪ್ರಿಯವಾದ ವೆಲಾಸಿಪೀಡ್‌ಗೆ ಪೆಡಲುಗಳಿದ್ದದ್ದು ಮುಂದಿನ ಗಾಲಿಯ ಅಚ್ಚಿಗೆ. ಆ ಗಾಲಿಯ ಅಳತೆ ಸುಮಾರು 36 ಇಂಚು. ಒಂದು ಸುತ್ತು ತುಳಿದರೆ ಸಿಗುವುದು ಮೂರು ಮೀಟರಿಗೂ ಕಡಿಮೆ ದೂರ. 1869ರ ನವೆಂಬರಿನಲ್ಲಿ ಪ್ಯಾರಿಸ್ಸಿನಿಂದ ರೂಆನ್ ನಗರಕ್ಕೆ ನಡೆದ ಪಂದ್ಯವನ್ನು ಜೇಮ್ಸ್ ಮೂರ್ ಗೆದ್ದ. ಸುಮಾರು 123 ಕಿಲೋಮೀಟರ್ ಕ್ರಮಿಸಲು ಅವನಿಗೆ 10 ಗಂಟೆ 40 ನಿಮಿಷ ಹಿಡಿಯಿತು. ಹೆಚ್ಚು ವೇಗ ಬೇಕಾದರೆ ದಾರಿ ಎರಡೇ: ಕಾಲನ್ನು ಇನ್ನೂ ಬೇಗ ಆಡಿಸಬೇಕು, ಇಲ್ಲವೆ ಗಾಲಿಯನ್ನು ದೊಡ್ಡದು ಮಾಡಬೇಕು.

ಮರದ ಗಾಲಿ ದೊಡ್ಡದಾದಷ್ಟೂ ಭಾರವಾಗುತ್ತಿತ್ತು. ಪ್ಯಾರಿಸ್ಸಿನ ಯೂಜೀನ್ ಮೇಯರ್ 1869ರಲ್ಲಿ ಬಿಗಿದ ತಂತಿ ಕಡ್ಡಿಗಳ ಗಾಲಿಗೆ ಪೇಟೆಂಟ್ ಪಡೆದ ಮೇಲೆ ಆ ಅಡ್ಡಿ ನಿವಾರಣೆಯಾಯಿತು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ, ಹೊಲಿಗೆ ಯಂತ್ರದ ಕೆಲಸದಿಂದ ಬಂದಿದ್ದ ಜೇಮ್ಸ್ ಸ್ಟಾರ್ಲಿ ಮತ್ತು ವಿಲಿಯಂ ಹಿಲ್ಮನ್ 1870ರಲ್ಲಿ 'ಏರಿಯಲ್' ಸೈಕಲ್ಲಿಗೆ ಪೇಟೆಂಟ್ ಪಡೆದರು. ಅಲ್ಲಿಂದ ಮುಂದಿನ ಗಾಲಿ 50, 54, 60 ಇಂಚುಗಳವರೆಗೆ ಬೆಳೆಯುತ್ತ ಹೋಯಿತು. ಹಿಂದಿನದು ಕುಗ್ಗಿ ಬಾಲದಂತಾಯಿತು. ಆ ರೂಪವನ್ನೇ ಮುಂದೆ ಜನ ದೊಡ್ಡ ನಾಣ್ಯ, ಚಿಕ್ಕ ನಾಣ್ಯಗಳ ಜೋಡಿಗೆ ಹೋಲಿಸಿ 'ಪೆನಿ ಫಾರ್ದಿಂಗ್' ಎಂದು ಗೇಲಿ ಮಾಡಿದರು.

ಗಾಲಿಯ ಬೆಳವಣಿಗೆಗೆ ಮಿತಿ ಹಾಕಿದ್ದು ಲೋಹವಲ್ಲ, ಮನುಷ್ಯನ ಕಾಲು. ಸವಾರ ಕೂರುವುದು ಗಾಲಿಯ ನೆತ್ತಿಯ ಮೇಲೆ, ಪೆಡಲು ಸುತ್ತುವುದು ಅದರ ನಡುವಿನಲ್ಲಿ. ಕೆಳಗಿಳಿದ ಪೆಡಲಿಗೆ ಪಾದ ಮುಟ್ಟಲೇಬೇಕು. ಆದ್ದರಿಂದ ಗಾಲಿಯನ್ನು ಬಟ್ಟೆಯಂತೆ ಕಾಲಿನ ಅಳತೆಗೆ ತಕ್ಕಂತೆ ಕೊಳ್ಳಬೇಕಾಗುತ್ತಿತ್ತು. ಉದ್ದ ಕಾಲಿನವನಿಗೆ ದೊಡ್ಡ ಗಾಲಿ, ದೊಡ್ಡ ಗಾಲಿಯವನಿಗೆ ವೇಗ. ಗಿಡ್ಡ ಆಳು ಎಷ್ಟೇ ಗಟ್ಟಿಗನಾದರೂ ಪಂದ್ಯದಲ್ಲಿ ಹಿಂದೆಯೇ. ಉದ್ದ ಲಂಗದ ಆ ಕಾಲದಲ್ಲಿ ಹೆಂಗಸರಿಗಂತೂ ಈ ಸವಾರಿಯ ಬಾಗಿಲು ಮುಚ್ಚಿದಂತೆಯೇ ಇತ್ತು.

ಇಲ್ಲೊಂದು ಸಣ್ಣ ಉಪಾಯವಿತ್ತು. ಕ್ರ್ಯಾಂಕನ್ನು ಒಂದು ಇಂಚು ಮೊಟಕು ಮಾಡಿದರೆ ಅದೇ ಕಾಲಿಗೆ ಎರಡು ಇಂಚು ದೊಡ್ಡ ಗಾಲಿ ಒದಗುತ್ತದೆ. ಗಾಲಿಯ ವ್ಯಾಸ ಎರಡು ಇಂಚು ಹೆಚ್ಚಿದರೆ ಅದರ ನೆತ್ತಿ ಅಚ್ಚಿನಿಂದ ಏರುವುದು ಒಂದೇ ಇಂಚಷ್ಟೆ. ಗಿಡ್ಡ ಕ್ರ್ಯಾಂಕಿನಲ್ಲಿ ಪಾದ ಸುತ್ತುವ ವೃತ್ತವೂ ಚಿಕ್ಕದು, ಆದ್ದರಿಂದ ಕಾಲು ಬೇಗ ಆಡುತ್ತದೆ. ಆದರೆ ಕ್ರ್ಯಾಂಕು ಒಂದು ಸನ್ನೆಕೋಲು. ಅದನ್ನು ಗಿಡ್ಡ ಮಾಡಿದಷ್ಟೂ ಏರಿನಲ್ಲಿ ತುಳಿತದ ಭಾರ ಹೆಚ್ಚುತ್ತದೆ. ಸಪಾಟು ರಸ್ತೆಯಲ್ಲಿ ಗಳಿಸಿದ್ದನ್ನು ಗುಡ್ಡದಲ್ಲಿ ಕಳೆಯಬೇಕು. ಹಾಗಾಗಿ ಆಗಿನ ಎಷ್ಟೋ ಸೈಕಲ್ಲುಗಳ ಕ್ರ್ಯಾಂಕಿನಲ್ಲಿ ಉದ್ದಕ್ಕೆ ಒಂದು ಸೀಳು ಇರುತ್ತಿತ್ತು. ಪೆಡಲನ್ನು ಸಡಿಲಿಸಿ, ಬೇಕಾದಲ್ಲಿಗೆ ಸರಿಸಿ, ಮತ್ತೆ ಬಿಗಿದುಕೊಳ್ಳಬಹುದಿತ್ತು.

ಇಳಿಜಾರಿನ ಕಥೆ ಬೇರೆ. ಪೆಡಲು ಗಾಲಿಗೇ ಅಂಟಿಕೊಂಡಿದ್ದರಿಂದ ವೇಗ ತಡೆಯಲು ಪೆಡಲನ್ನು ಹಿಂದಕ್ಕೆ ಒತ್ತಬೇಕು. ಕ್ರ್ಯಾಂಕು ಗಿಡ್ಡವಾಗಿದ್ದರೆ ಆ ಒತ್ತಡವೂ ಸಾಲದು. ಮುಂದಿನ ಗಾಲಿಗೆ ಒಂದು ಕಲ್ಲು ಎಡವಿದರೂ ಸಾಕು, ಎತ್ತರದಲ್ಲಿ, ಅಚ್ಚಿಗಿಂತ ತುಸುವೇ ಹಿಂದೆ ಕೂತಿದ್ದ ಸವಾರ ಹ್ಯಾಂಡಲ್ ಮೇಲಿಂದ ತಲೆಕೆಳಗಾಗಿ ಬೀಳುತ್ತಿದ್ದ. ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಈ ಬಗೆಯ ಬೀಳುವಿಕೆಗೆ 'ಹೆಡರ್' ಎಂಬ ಹೆಸರೇ ಇತ್ತು. ಅನುಭವಸ್ಥರು ಇಳಿಜಾರು ಬಂದಾಗ ಎರಡೂ ಕಾಲುಗಳನ್ನು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಚಾಚಿ ಕೂರುತ್ತಿದ್ದರು. ಬಿದ್ದರೂ ತಲೆಗೆ ಬದಲು ಪಾದ ಮೊದಲು ನೆಲ ಮುಟ್ಟಲಿ ಎಂಬ ಲೆಕ್ಕ!

ಇಂಥ 50 ಇಂಚಿನ ಗಾಲಿಯ ಮೇಲೆಯೇ ಥಾಮಸ್ ಸ್ಟೀವನ್ಸ್ 1884ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಭೂಮಿಗೆ ಸುತ್ತು ಹಾಕಿದ. ಅಫ್ಘಾನಿಸ್ತಾನದಲ್ಲಿ ದಾರಿ ಮುಚ್ಚಿದ್ದರಿಂದ ಬಳಸಿಕೊಂಡು ಹಡಗಿನಲ್ಲಿ ಕರಾಚಿಗೆ ಬಂದ. 1886ರಲ್ಲಿ ಲಾಹೋರಿನಿಂದ ದೆಹಲಿ, ಆಗ್ರಾ, ಬನಾರಸ್ ಮಾರ್ಗವಾಗಿ ಕಲ್ಕತ್ತೆಯವರೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ತುಳಿದ. ಸುಣ್ಣಕಲ್ಲಿನ ಹರಳು ಹಾಕಿ ಗಟ್ಟಿಸಿದ್ದ ಆ ರಸ್ತೆಯನ್ನು ಅವನು ಮೆಚ್ಚಿಕೊಂಡಿದ್ದಾನೆ. ಮೆಚ್ಚದೆ ಏನು? ಅಮೆರಿಕದ ಬೆಟ್ಟಸಾಲುಗಳಲ್ಲಿ ಅವನು ಸೈಕಲ್ಲನ್ನು ಏರಿದ್ದಕ್ಕಿಂತ ತಳ್ಳಿದ್ದೇ ಹೆಚ್ಚು ಎನ್ನಿಸುವಷ್ಟು ನಡೆದಿದ್ದ. ಗಂಗೆಯ ಬಯಲಿನಂಥ ಸಪಾಟು ನೆಲವೇ ಎತ್ತರದ ಗಾಲಿಗೆ ಹೇಳಿ ಮಾಡಿಸಿದ್ದು.

ಅವನು ಇನ್ನೂ ದಾರಿಯಲ್ಲಿದ್ದಾಗಲೇ ಆ ಗಾಲಿಯ ಕಾಲ ಮುಗಿಯುತ್ತ ಬಂದಿತ್ತು. ಜೇಮ್ಸ್ ಸ್ಟಾರ್ಲಿಯ ಸೋದರನ ಮಗ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ 'ರೋವರ್' ಸೈಕಲ್ಲನ್ನು ತಂದ. ಹಿಂದಿನ ಗಾಲಿಗೆ ಚೈನು, ತಗ್ಗಾದ ಸೀಟು. 28 ಇಂಚಿನ ಗಾಲಿಯ ಸೈಕಲ್ಲಿಗೆ ಮುಂದೆ 44, ಹಿಂದೆ 18 ಹಲ್ಲುಗಳಿದ್ದರೆ ಒಂದು ತುಳಿತಕ್ಕೆ 68 ಇಂಚಿನ ಗಾಲಿಯಷ್ಟು ದೂರ ಸಿಗುತ್ತದೆ. ಅಂಥ ಗಾಲಿಯನ್ನು ನೇರವಾಗಿ ತುಳಿಯಬಲ್ಲ ಕಾಲು ಎಲ್ಲಿದೆ? ಚೈನು ಬಂದ ಮೇಲೆ ಗಿಡ್ಡ ಆಳು, ಉದ್ದ ಆಳು ಒಂದೇ ಸಾಲಿನಲ್ಲಿ ನಿಂತರು. ಇಂಗ್ಲಿಷ್ ಬಲ್ಲ ದೇಶಗಳ ಸೈಕಲ್ ಸವಾರರು ಇಂದಿಗೂ ಗೇರನ್ನು ಇಂಚಿನಲ್ಲಿ ಲೆಕ್ಕ ಹಾಕುವುದು ಆ ಕಣ್ಮರೆಯಾದ ಗಾಲಿಯ ಅಳತೆಯಿಂದಲೇ.

ಉಳಿದದ್ದು ಒಂಟಿಗಾಲಿ. ಎತ್ತರದ ಕಂಬಕ್ಕೆ ಚೈನು ಹಾಕಿದ 'ಜಿರಾಫೆ' ಮಾದರಿಯನ್ನು ಬಿಟ್ಟರೆ ಅದು ಹಳೆಯ ಪದ್ಧತಿಯಲ್ಲೇ ನಿಂತಿತು. 1990ರ ದಶಕದ ಕೊನೆಗೆ, ಹಳೇ ಕಾರುಗಳ ಟೈರು ಮಾಡುವ ಅಮೆರಿಕದ ಕೋಕರ್ ಕಂಪನಿ 36 ಇಂಚಿನ ಗಾಳಿ ಟೈರಿನ ಒಂಟಿಗಾಲಿಯನ್ನು ಮಾರತೊಡಗಿತು. ಆಗ ದೂರ ಪ್ರಯಾಣದ ಹುಚ್ಚು ಹಬ್ಬಿತು, ಜೊತೆಗೆ ಕ್ರ್ಯಾಂಕಿನ ಹಳೆಯ ಜಿಜ್ಞಾಸೆಯೂ ಮರುಕಳಿಸಿತು.

ಲೆಕ್ಕ ಕಷ್ಟವಲ್ಲ. 36 ಇಂಚಿನ ಗಾಲಿ ಗಂಟೆಗೆ 20 ಕಿಲೋಮೀಟರ್ ಓಡಬೇಕಾದರೆ ನಿಮಿಷಕ್ಕೆ ಸುಮಾರು 116 ಸುತ್ತು ತುಳಿಯಬೇಕು. 150 ಮಿಲಿಮೀಟರ್ ಕ್ರ್ಯಾಂಕಿನಲ್ಲಿ ಪಾದ ಆ ಒಂದು ನಿಮಿಷಕ್ಕೆ 109 ಮೀಟರ್ ಸುತ್ತುತ್ತದೆ, 110ರಲ್ಲಿ ಬರೀ 80 ಮೀಟರ್. ತೊಡೆಯ ಕುಣಿತ ತಗ್ಗಿ ಸವಾರಿ ನಯವಾಗುತ್ತದೆ. ಪ್ರತಿಯಾಗಿ, ಅದೇ ಏರಿಗೆ ಮೂರನೇ ಒಂದು ಪಾಲಿಗಿಂತಲೂ ಹೆಚ್ಚಿನ ಬಲ ಹಾಕಬೇಕು.

ಪೆನಿ ಫಾರ್ದಿಂಗ್ ಸವಾರನಿಗೆ ಇಲ್ಲದ ಇನ್ನೊಂದು ಫಜೀತಿ ಒಂಟಿಗಾಲಿಯವನಿಗಿದೆ. ಅವನಿಗೆ ಹಿಂದೊಂದು ಚಿಕ್ಕ ಗಾಲಿಯ ಆಸರೆಯೂ ಇಲ್ಲ. ಮುಂದೆ ವಾಲಿದರೆ ಗಾಲಿಯನ್ನು ಮುಂದಕ್ಕೆ ತಳ್ಳಿ, ಹಿಂದೆ ವಾಲಿದರೆ ತಡೆದು, ಕ್ಷಣಕ್ಷಣಕ್ಕೂ ಪೆಡಲಿನಿಂದಲೇ ಸಮತೋಲ ಕಾಯಬೇಕು. ಹಾಗಾಗಿ ಕ್ರ್ಯಾಂಕು ಅವನಿಗೆ ಗೇರೂ ಹೌದು, ಬ್ರೇಕೂ ಹೌದು, ಮೈತೂಕದ ಹಿಡಿಕೆಯೂ ಹೌದು. ಹೊಸಬರು 150ರ ಆಸುಪಾಸಿನಲ್ಲಿ ಆರಂಭಿಸಿ, ಕಾಲು ಪಳಗಿದ ಮೇಲೆ ಹತ್ತು ಹನ್ನೆರಡು ಮಿಲಿಮೀಟರಿನಂತೆ ಇಳಿಸುತ್ತ ಬರುವುದೇ ಸರಿ. ಗುಡ್ಡಗಾಡಿನವರು ಉದ್ದದ್ದನ್ನೇ ಉಳಿಸಿಕೊಂಡರೆ ನಷ್ಟವೇನಿಲ್ಲ. ಗಿಡ್ಡಕ್ಕೆ ಇಳಿದವರು ಗಾಲಿಗೆ ಕೈಬ್ರೇಕು ಕಟ್ಟಿಕೊಳ್ಳುವುದು ಒಳಿತು. ಟ್ರ್ಯಾಕ್ ಪಂದ್ಯಗಳಲ್ಲಿ ಈ ಆಯ್ಕೆಗೆ ಕಡಿವಾಣವಿದೆ: 24 ಇಂಚಿನ ವರ್ಗದಲ್ಲಿ 125 ಮಿಲಿಮೀಟರಿಗಿಂತ ಗಿಡ್ಡ ಕ್ರ್ಯಾಂಕನ್ನು ಅಂತರರಾಷ್ಟ್ರೀಯ ನಿಯಮಾವಳಿ ಒಪ್ಪುವುದಿಲ್ಲ.

ಸ್ವಿಟ್ಜರ್ಲೆಂಡಿನ ಫ್ಲೋರಿಯನ್ ಶ್ಲುಂಪ್ ಎಂಬ ತಂತ್ರಜ್ಞ ಅಚ್ಚಿನೊಳಗೇ ಹಲ್ಲುಚಕ್ರ ಅಡಗಿಸಿ ಒಂದಕ್ಕೆ ಒಂದೂವರೆ ಸುತ್ತು ತಿರುಗುವ ಗೇರನ್ನು ಮಾಡಿದ. 36 ಇಂಚಿನ ಗಾಲಿ ಅದರಿಂದ 54 ಇಂಚಿನದಾಗಿ ಓಡುತ್ತದೆ, ಹೆಚ್ಚುಕಡಿಮೆ ಸ್ಟೀವನ್ಸನ ಗಾಲಿಯಷ್ಟು. ದುಬಾರಿ ಸರಕು ಅದು. ಅಗ್ಗದ ದಾರಿಯೊಂದಿದೆ, ಒಂದೇ ಕ್ರ್ಯಾಂಕಿನಲ್ಲಿ ಎರಡು ತೂತು: ಒಂದು 127 ಮಿಲಿಮೀಟರಿಗೆ, ಇನ್ನೊಂದು 150ಕ್ಕೆ. ವಿಕ್ಟೋರಿಯಾ ಕಾಲದ ಸೀಳಿನ ಮರುಹುಟ್ಟು. ಬಯಲಿನಲ್ಲಿ ಒಳಗಿನ ತೂತು, ಗುಡ್ಡದ ಬುಡಕ್ಕೆ ಬಂದಾಗ ಹೊರಗಿನದು. ಬದಲಿಸಲು ಒಂದು ಸ್ಪ್ಯಾನರ್ ಸಾಕು. ಎಡಗಡೆಯ ಪೆಡಲಿನ ತಿರುಪು ಮಾತ್ರ ಉಲ್ಟಾ, ಅದನ್ನು ಬಿಚ್ಚಲು ಬಲಕ್ಕೆ ತಿರುಗಿಸಬೇಕು.