ಮನೋಬಿಂಬ ಮತ್ತು ಸಮಸ್ಯಾ ಪರಿಹಾರ

ಎದುರಿಗಿಲ್ಲದ ವಸ್ತುವನ್ನು ಮನಸ್ಸು ಕಣ್ಣಿಗೆ ಕಟ್ಟಿದಂತೆ ತಂದುಕೊಳ್ಳುವುದಕ್ಕೆ ಮನೋಬಿಂಬ ಎಂದು ಹೆಸರು. ಕೇಳಿದ್ದು, ಮುಟ್ಟಿದ್ದು, ಮೂಸಿದ್ದರ ಬಿಂಬಗಳೂ ಉಂಟು. ಹೆಚ್ಚಿನ ಅಧ್ಯಯನ ನಡೆದಿರುವುದು ದೃಶ್ಯಬಿಂಬಗಳ ಮೇಲೆ.

ಚರಿತ್ರೆ

ಬಿಂಬದ ಸ್ಪಷ್ಟತೆ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯೆಂದು 1880ರಲ್ಲಿ ಫ್ರಾನ್ಸಿಸ್ ಗಾಲ್ಟನ್ ತೋರಿಸಿದರು. ಬಿಂಬವಿಲ್ಲದೆಯೂ ಆಲೋಚನೆ ನಡೆಯುತ್ತದೆಂದು ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ಪಂಥದವರು ವಾದಿಸಿದರು. ಹೊರಗೆ ಕಾಣುವ ವರ್ತನೆಯನ್ನಷ್ಟೇ ಅಧ್ಯಯನಕ್ಕೆ ಯೋಗ್ಯವೆಂದ ವರ್ತನಾವಾದದ ಕಾಲದಲ್ಲಿ ಮೂಲೆಗೆ ಸರಿದಿದ್ದ ಈ ವಿಷಯಕ್ಕೆ ಮರುಜೀವ ಬಂದದ್ದು 1971ರಲ್ಲಿ. ಬೇರೆ ಬೇರೆ ಕೋನಗಳಲ್ಲಿ ಬರೆದ ಎರಡು ಘನಾಕೃತಿಗಳು ಒಂದೆಯೋ ಅಲ್ಲವೋ ಎಂದು ಹೇಳಲು ಬೇಕಾಗುವ ಸಮಯ, ಕೋನದ ಅಂತರ ಹೆಚ್ಚಿದಂತೆಲ್ಲ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತದೆಂದು ಮನೋವಿಜ್ಞಾನಿಗಳಾದ ಶೆಪರ್ಡ್ ಮತ್ತು ಮೆಟ್ಸ್ಲರ್ ಕಂಡುಕೊಂಡರು. ಜನ ಆಕೃತಿಯನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುತ್ತಾರೆ ಎಂಬುದಕ್ಕೆ ಇದು ಬಲವಾದ ಸಾಕ್ಷ್ಯ. ಬಿಂಬವೇ ಆಲೋಚನೆಯ ಸಾಧನವೋ, ಅಥವಾ ಆಲೋಚನೆಯ ಜೊತೆಗೆ ಸುಮ್ಮನೆ ಮೂಡುವಂಥದ್ದೋ ಎಂಬ ಬಗ್ಗೆ ಮನೋವಿಜ್ಞಾನಿಗಳಾದ ಕಾಸ್ಲಿನ್ ಮತ್ತು ಪಿಲಿಶಿನ್ ನಡುವೆ ದಶಕಗಳ ಕಾಲ ವಾದ ನಡೆಯಿತು.

ನವೋದಯ ಪರೀಕ್ಷೆಯಲ್ಲಿ

ಬಿಂಬದ ನೆರವಿನಿಂದ ಬಿಡಿಸಬಹುದಾದ ಸಮಸ್ಯೆಗಳಿಗೆ ಒಂದು ಶಾಲಾ ಪ್ರವೇಶ ಪರೀಕ್ಷೆಯನ್ನು ಉದಾಹರಣೆಯಾಗಿ ನೋಡೋಣ. ಮಡಿಕೇರಿ ಸಮೀಪದ ಗಾಳಿಬೀಡಿನಲ್ಲಿ ಕೊಡಗಿನ ಜವಾಹರ್ ನವೋದಯ ವಿದ್ಯಾಲಯವಿದೆ. ಅಲ್ಲಿ ಆರನೇ ತರಗತಿಗೆ ಸೇರಲು ಮಕ್ಕಳು ಬರೆಯುವ 100 ಅಂಕಗಳ ಪ್ರವೇಶ ಪರೀಕ್ಷೆಯಲ್ಲಿ 50 ಅಂಕ ಮಾನಸಿಕ ಸಾಮರ್ಥ್ಯದ್ದು. ಈ ಭಾಗದ 40 ಪ್ರಶ್ನೆಗಳೂ ಚಿತ್ರಗಳೇ: ಕನ್ನಡಿ ಬಿಂಬ, ಅಡಗಿದ ಆಕೃತಿ, ಮಡಿಸಿ ತೂತು ಮಾಡಿದ ಕಾಗದ ಇತ್ಯಾದಿ.

ಕಾಗದದ ಪ್ರಶ್ನೆ ವಿಶೇಷ ಗಮನಕ್ಕೆ ಯೋಗ್ಯ. ಚೌಕ ಹಾಳೆಯ ಎಡ ಅರ್ಧವನ್ನು ಬಲಕ್ಕೆ, ಆಮೇಲೆ ಮೇಲರ್ಧವನ್ನು ಕೆಳಕ್ಕೆ ಮಡಿಸಿದರೆ ನಾಲ್ಕು ಪದರದ ಚಿಕ್ಕ ಚೌಕ ಉಳಿಯುತ್ತದೆ. ಅದರ ಮೇಲಿನ ಎಡಮೂಲೆಯ ಬಳಿ ಒಂದು ತೂತು ಹಾಕಿ ಬಿಡಿಸಿದರೆ ಹಾಳೆಯ ನಡುಮಧ್ಯದ ಸುತ್ತ ನಾಲ್ಕು ತೂತು. ಕೆಳಗಿನ ಬಲಮೂಲೆಯ ಬಳಿ ಹಾಕಿದ್ದರೆ ನಾಲ್ಕೂ ಮೂಲೆಗಳಲ್ಲಿ. ಒಂದು ಮಗು ಕೊನೆಯ ಮಡಿಕೆಯಿಂದ ಶುರುಮಾಡಿ ಹಾಳೆಯನ್ನು ಮನಸ್ಸಿನಲ್ಲೇ ಬಿಡಿಸುತ್ತದೆ. ಇನ್ನೊಂದು ಮಗು ಪ್ರತಿ ಮಡಿಕೆಗೂ ತೂತು ಇಮ್ಮಡಿ, ಮಡಿಕೆಯ ಗೆರೆಯಿಂದ ಎರಡೂ ಕಡೆ ಸಮದೂರ ಎಂಬ ನಿಯಮ ಹಿಡಿದು, ಹೊಂದದ ಆಯ್ಕೆಗಳನ್ನು ಬಿಟ್ಟುಬಿಡುತ್ತದೆ. ಉತ್ತರ ಒಂದೇ, ದಾರಿ ಎರಡು. ಮಡಿಕೆಗಳು ಹೆಚ್ಚಿದಷ್ಟೂ ಬಿಂಬವನ್ನು ಹಿಡಿದಿಟ್ಟುಕೊಳ್ಳುವುದು ಕಷ್ಟವಾಗಿ, ನಿಯಮದ ದಾರಿಗೆ ಅನುಕೂಲ ಹೆಚ್ಚುತ್ತದೆ.

ಬಿಂಬವಿಲ್ಲದವರು

ಮನಸ್ಸಿನಲ್ಲಿ ಚಿತ್ರವೇ ಮೂಡದ ಸ್ಥಿತಿಗೆ 2015ರಲ್ಲಿ ಆಡಮ್ ಝೆಮನ್ ಮತ್ತು ಸಂಗಡಿಗರು ಅಫ್ಯಾಂಟೇಸಿಯಾ ಎಂದು ಹೆಸರಿಟ್ಟರು. ಇಂಥವರಲ್ಲಿ ಹಲವರು ಆಕೃತಿ ತಿರುಗಿಸುವ ಪ್ರಶ್ನೆಗಳನ್ನು ಸರಿಯಾಗಿಯೇ ಬಿಡಿಸುತ್ತಾರೆ. ಆದ್ದರಿಂದ ಮೇಲಿನಂಥ ಪರೀಕ್ಷೆಯ ಅಂಕವನ್ನು ಬಿಂಬಶಕ್ತಿಯ ನೇರ ಅಳತೆಯೆಂದು ತಿಳಿಯುವುದು ಸಲ್ಲದು.